ಕೂಗಿಲ್ಲದ ಏಟು

ನಮ್ಮ ಮಾತಿಗೆ ಗರಡಿಯ ಮಣ್ಣು ಎಷ್ಟು ಅಂಟಿಕೊಂಡಿದೆ ಎಂದು ನಾವು ಹೆಂಗಸರು ಯಾವತ್ತೂ ಲೆಕ್ಕ ಹಾಕಿ ನೋಡಿದವರಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಬೇಕೇ ಬೇಕೆಂದು ಮಗಳು ಪಟ್ಟು ಹಿಡಿಯುತ್ತಾಳೆ. ನಿನ್ನೆಯವರೆಗೆ ಸರಿಯಾಗಿದ್ದ ನಾದಿನಿ ಇವತ್ತು ವರಸೆ ಬದಲಾಯಿಸುತ್ತಾಳೆ. ಚುನಾವಣೆಗೆ ನಿಂತವರು ತೊಡೆ ತಟ್ಟುತ್ತಾರೆ, ಸೆಡ್ಡು ಹೊಡೆಯುತ್ತಾರೆ, ಎದುರಾಳಿಗೆ ಮಣ್ಣು ಮುಕ್ಕಿಸುತ್ತಾರೆ. ಸೋತ ಮೇಲೂ ಸೋಲೊಪ್ಪದವರನ್ನು ಕಂಡರೆ ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎನ್ನುತ್ತೇವೆ. ಈ ಮಾತುಗಳೆಲ್ಲ ಹುಟ್ಟಿದ್ದು ಗರಡಿಮನೆಯ ಕೆಮ್ಮಣ್ಣಿನಲ್ಲಿ. ಆ ಮನೆಯ ಹೊಸಿಲು ದಾಟಲು ನಮಗೆ ಅಪ್ಪಣೆ ಇರಲಿಲ್ಲ. ಮಾತು ಮಾತ್ರ ಹೊರಗೆ ಬಂದು ನಮ್ಮ ಅಡುಗೆಮನೆಯವರೆಗೂ ನಡೆದುಬಂತು.

ಇಷ್ಟೆಲ್ಲ ಯೋಚಿಸುವಂತಾದದ್ದು ನಮ್ಮ ಶಾಲೆಯ ಬಯಲಿನಲ್ಲಿ ಇತ್ತೀಚೆಗೆ ಕೇಳಿಸುತ್ತಿರುವ ಇನ್ನೊಂದು ಭಾಷೆಯಿಂದ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ. ವಸತಿ ಶಾಲೆ, ಹಾಸ್ಟೆಲುಗಳ ಹುಡುಗಿಯರಿಗೆ ಕೊಡುವ ಇಂಥದೇ ತರಬೇತಿಗೆ ನಮ್ಮ ರಾಜ್ಯದವರು ಒನಕೆ ಓಬವ್ವನ ಹೆಸರಿಟ್ಟಿದ್ದಾರೆ. ಹೆಸರು ಝಾನ್ಸಿಯದು, ಚಿತ್ರದುರ್ಗದ್ದು; ಕಲಿಸುವುದು ಹೆಚ್ಚಾಗಿ ಕರಾಟೆ; ಅದರ ಮಾತೆಲ್ಲ ಜಪಾನಿನದು. ಸಂಜೆ ಶಾಲೆ ಬಿಡುವ ಹೊತ್ತಿಗೆ ಎಂಟು, ಒಂಬತ್ತನೆಯ ತರಗತಿಯ ಹುಡುಗಿಯರು ಸಾಲಾಗಿ ನಿಂತು ‘ಇಚಿ, ನಿ, ಸನ್, ಶಿ, ಗೊ, ರೊಕು’ ಎಂದು ಎಣಿಸುತ್ತಾ ಗಾಳಿಗೆ ಗುದ್ದುತ್ತಾರೆ. ಹಾಜಿಮೆ ಎಂದರೆ ಶುರುಮಾಡು, ಯಾಮೆ ಎಂದರೆ ನಿಲ್ಲಿಸು, ರೇ ಎಂದರೆ ತಲೆಬಾಗು. ಹದಿಮೂರರ ಮಗ್ಗಿಯಲ್ಲಿ ತಡವರಿಸುವ ಹುಡುಗಿಗೂ ಇಚಿ, ನಿ, ಸನ್ ತಪ್ಪುವುದಿಲ್ಲ. ಸಮಾಜ ವಿಜ್ಞಾನ ಹೇಳಿಕೊಡುವ ನನಗೆ ಮೊದಲು ಇದು ತಮಾಷೆ ಎನಿಸಿತು; ಆಮೇಲೆ ಕುತೂಹಲ ಹುಟ್ಟಿತು.

ಜಪಾನಿ ಮಾತು ನಮ್ಮ ಸೀಮೆಗೆ ಹೊಸದೇನಲ್ಲ. 1997ರಲ್ಲಿ ಬಿಡದಿಯ ಟೊಯೋಟಾ ಕಂಪನಿ ಹುಟ್ಟಿದಾಗ ಬಿಡದಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. ರಾಮನಗರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಐಟಿಐ ಮುಗಿಸಿ ಇಂಥ ಕಾರ್ಖಾನೆಗಳಿಗೆ ಸೇರಿದ ಹುಡುಗರ ಬಾಯಲ್ಲಿ ಕೈಜೆನ್, ಕಾನ್‌ಬಾನ್ ಎಂಬ ಪದಗಳು ಊರಿಗೆ ಬಂದವು. ಹೊಲದ ಕೆಲಸದಲ್ಲಿ ಏನಾದರೂ ಸುಧಾರಣೆ ಮಾಡಿದರೆ ‘ಅಪ್ಪಾ, ಇದೂ ಕೈಜೆನ್ನೇ’ ಎಂದು ಹೇಳುವ ಹುಡುಗರನ್ನು ನಾನು ಕಂಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಡಿಪ್ಲೊಮಾ ಮಾಡಿ ಒಂದು ಜಪಾನಿ ಕಂಪನಿಗೆ ಸೇರಿ, ತರಬೇತಿಗೆಂದು ಆರು ತಿಂಗಳು ಅಲ್ಲಿಗೇ ಹೋಗಿದ್ದಳು. ಸಂಜೆ ಹೊತ್ತು ಬೇಸರ ಕಳೆಯಲು ಊರಿನವರು ಸೇರುವ ವ್ಯಾಯಾಮಶಾಲೆಯಲ್ಲಿ ಕೆಂಡೊ ಕಲಿತಳಂತೆ. ವಾಪಸು ಬರುವಾಗ ಒಂದು ಬಿದಿರ ಕೋಲು ತಂದಳು. ಒಂದು ಶನಿವಾರ ಅವಳನ್ನು ಶಾಲೆಗೆ ಕರೆಸಿದೆ.

ಕೆಂಡೊ ಎಂದಾಗ ಮಕ್ಕಳು ‘ಕೆಂಡ ಹಾಯೋದಾ ಮಿಸ್?’ ಎಂದವು. ಕೆನ್ ಎಂದರೆ ಕತ್ತಿ, ದೊ ಎಂದರೆ ದಾರಿ. ನಮ್ಮ ಕತ್ತಿವರಸೆ, ದೊಣ್ಣೆವರಸೆಗಳ ಬಳಗದ್ದೇ ಅದು. ನಿಜವಾದ ಕತ್ತಿಯ ಬದಲು ಈಗ ಶಿನಾಯ್ ಎಂಬ ಕೋಲು. ನಾಲ್ಕು ಬಿದಿರ ಸೀಳುಗಳನ್ನು ಜೋಡಿಸಿ, ತುದಿಗೂ ಹಿಡಿಗೂ ಚರ್ಮ ತೊಡಿಸಿ ಬಿಗಿದಿರುತ್ತಾರೆ. ಬಳುಕು ಎಂಬ ಅರ್ಥದ ಕ್ರಿಯಾಪದದಿಂದ ಆ ಹೆಸರು ಬಂದಿದೆ. ದೊಡ್ಡವರ ಕೋಲು 120 ಸೆಂಟಿಮೀಟರ್ ಮೀರಬಾರದು. ತೂಕ ಗಂಡಸರದು 510 ಗ್ರಾಂ, ಹೆಂಗಸರದು 440 ಗ್ರಾಂಗೆ ಕಡಿಮೆ ಇರಬಾರದು. ಮುಖಕ್ಕೆ ಕಬ್ಬಿಣದ ಜಾಲರಿಯ ಮುಸುಕು, ಕೈಗೆ ದಪ್ಪ ಕವಚ, ಎದೆ ಹೊಟ್ಟೆಗೆ ಗಟ್ಟಿ ಫಲಕ, ಸೊಂಟದ ಕೆಳಗೆ ಹಕಾಮ ಎಂಬ ಅಗಲ ಉಡುಪು. ಅದಕ್ಕೆ ಮುಂದೆ ಐದು ನೆರಿಗೆ. ಅಭ್ಯಾಸ ಮುಗಿದ ಮೇಲೆ ನೆಲದ ಮೇಲೆ ಹಾಸಿ ನೆರಿಗೆ ಕೆಡದಂತೆ ಮಡಿಸುವುದೂ ಕಲಿಕೆಯ ಒಂದು ಭಾಗವಂತೆ. ಗಂಜಿ ಹಾಕಿದ ಹತ್ತಿ ಸೀರೆ ಮಡಿಸಿಟ್ಟವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಮನಸ್ಸು ಹಿಡಿದದ್ದು ಇದ್ಯಾವುದೂ ಅಲ್ಲ. ಕೆಂಡೊದಲ್ಲಿ ಹೊಡೆಯಬಹುದಾದ ಜಾಗ ನಾಲ್ಕೇ: ತಲೆ, ಮುಂಗೈ, ಪಕ್ಕೆ, ಗಂಟಲು. ತಲೆಗೆ ಹೊಡೆಯುವವಳು ‘ಮೆನ್’ ಎಂದು ಕೂಗಿ ಹೊಡೆಯಬೇಕು. ಮುಂಗೈಗಾದರೆ ‘ಕೊತೆ’, ಪಕ್ಕೆಗಾದರೆ ‘ದೋ’, ಗಂಟಲಿಗೆ ತಿವಿಯುವಾಗ ‘ತ್ಸುಕಿ’. ಎಲ್ಲಿಗೆ ಹೊಡೆಯುತ್ತೇನೆಂದು ಎದುರಾಳಿಗೆ ಕೇಳುವಂತೆ ಹೆಸರು ಹೇಳಿಕೊಂಡೇ ಹೊಡೆಯುವುದು. ಮೂವರು ತೀರ್ಪುಗಾರರ ಕೈಯಲ್ಲಿ ಕೆಂಪು, ಬಿಳಿ ಬಾವುಟಗಳಿರುತ್ತವೆ; ಇಬ್ಬರಾದರೂ ಎತ್ತಿದರೆ ಅಂಕ. ಕೋಲು ಎಷ್ಟೇ ಸರಿಯಾದ ಜಾಗಕ್ಕೆ ಬಿದ್ದಿರಲಿ, ಅದರ ಜೊತೆ ತುಂಬು ಹುರುಪು ಇರಬೇಕು ಎನ್ನುತ್ತದೆ ನಿಯಮ. ಹುರುಪು ಗೊತ್ತಾಗುವುದು ದನಿಯಿಂದ. ಉಸಿರು, ಕತ್ತಿ, ಮೈ ಮೂರೂ ಒಂದೇ ಗಳಿಗೆಯಲ್ಲಿ ಕೂಡಬೇಕು. ಇದಕ್ಕೆ ಅವರು ‘ಕಿ-ಕೆನ್-ತಾಯ್ ಇಚಿ’ ಎನ್ನುತ್ತಾರೆ. ಆ ಇಚಿ ನಮ್ಮ ಹುಡುಗಿಯರು ಎಣಿಸುವ ಇಚಿಯೇ, ಒಂದು. ಕೂಗಿಲ್ಲದ ಏಟು ಏಟೇ ಅಲ್ಲ ಎಂದಾಯಿತು.

ಇನ್ನೂ ಒಂದಿದೆ, ಝನ್‌ಶಿನ್. ಉಳಿದ ಮನಸ್ಸು ಎಂದು ಅರ್ಥ. ಏಟು ಬಿದ್ದ ಮೇಲೂ ಎಚ್ಚರ ತಪ್ಪದೆ ಎದುರಾಳಿಯ ಕಡೆ ತಿರುಗಿ ನಿಲ್ಲಬೇಕು. ಗೆದ್ದೆನೆಂದು ಕೈಯೆತ್ತಿ ಕುಣಿದರೆ ಕೊಟ್ಟ ಅಂಕವನ್ನೂ ಕಿತ್ತುಕೊಳ್ಳುತ್ತಾರೆ. ಗೆದ್ದ ಪೈಲ್ವಾನನನ್ನು ಹೆಗಲ ಮೇಲೆ ಹೊತ್ತು ತಮಟೆ ಬಡಿಯುವ ನಮ್ಮವರಿಗೆ ಇದು ವಿಚಿತ್ರ. ಹಾಲು ಇಳಿಸಿದ ಮೇಲೂ ಬೆಕ್ಕಿನ ಮೇಲೆ ಒಂದು ಕಣ್ಣಿಡುವ ಗೃಹಿಣಿಗೆ ಮಾತ್ರ ವಿಚಿತ್ರವೇನಲ್ಲ.

ಈ ಕೂಗಿಗೂ ಒಂದು ಚರಿತ್ರೆ ಇದೆ. ಬಿದಿರ ಕೋಲು, ಕವಚ ತೊಟ್ಟು ಅಭ್ಯಾಸ ಮಾಡುವ ಪದ್ಧತಿ ಗಟ್ಟಿಯಾದದ್ದು ಹದಿನೆಂಟನೆಯ ಶತಮಾನದಲ್ಲಿ. 1876ರಲ್ಲಿ ಜಪಾನಿನ ಹೊಸ ಸರ್ಕಾರ ಸಮುರಾಯ್‌ಗಳು ಸೊಂಟಕ್ಕೆ ಕತ್ತಿ ಕಟ್ಟಿ ಓಡಾಡುವುದನ್ನೇ ನಿಷೇಧಿಸಿತು. ಅದಕ್ಕೂ ಮೊದಲೇ ಕೆಲಸ ಕಳೆದುಕೊಂಡಿದ್ದ ಕತ್ತಿಗಾರರು 1873ರಲ್ಲಿ ಟೋಕಿಯೊದಲ್ಲಿ ಟಿಕೆಟ್ ಇಟ್ಟು ಪ್ರದರ್ಶನ ಶುರುಮಾಡಿದ್ದರು, ನಾಟಕ ಕಂಪನಿಯವರಂತೆ. ಅಲ್ಲಿ ಆರ್ಭಟಕ್ಕೆ ಬೆಲೆ ಇತ್ತು. 1895ರಲ್ಲಿ ಕ್ಯೋಟೊದಲ್ಲಿ ಯುದ್ಧಕಲೆಗಳ ದೊಡ್ಡ ಸಂಘ ಹುಟ್ಟಿತು. 1911ರಲ್ಲಿ ಗಂಡುಹುಡುಗರ ಶಾಲೆಗಳಿಗೆ ಕತ್ತಿವಿದ್ಯೆ ಪಾಠವಾಗಿ ಬಂತು. ‘ವಿದ್ಯೆ’ ಎಂಬ ಅರ್ಥದ ಜುತ್ಸು ಬಿಟ್ಟು ‘ದಾರಿ’ ಎಂಬ ಅರ್ಥದ ದೊ ಹಿಡಿದದ್ದು 1920ರ ಆಸುಪಾಸಿನಲ್ಲಿ. ಮುಂದೆ ಆ ದಾರಿ ಎಲ್ಲಿಗೆ ಹೋಯಿತೆಂದು ನಮಗೆ ಗೊತ್ತೇ ಇದೆ. ಯುದ್ಧದ ಕಾಲದಲ್ಲಿ ಕೆಂಡೊ ಸೈನ್ಯದ ತಯಾರಿಯಾಯಿತು. 1945ರಲ್ಲಿ ಸೋತ ಮೇಲೆ ಅಮೆರಿಕದವರ ಆಡಳಿತ ಅದನ್ನು ಶಾಲೆಗಳಿಂದ ತೆಗೆಸಿತು.

ಆಗ ಕೆಂಡೊ ಬಲ್ಲವರು ಒಂದು ಉಪಾಯ ಹೂಡಿದರು. 1950ರಲ್ಲಿ ಷರಟು ಪ್ಯಾಂಟು ತೊಟ್ಟು ಮೆತ್ತನೆಯ ಕೋಲಿನಲ್ಲಿ ಆಡುವ ಹೊಸ ಆಟವೊಂದನ್ನು ತಂದು, ಇದು ಯುದ್ಧವಿದ್ಯೆಯಲ್ಲ, ಬರೀ ಕ್ರೀಡೆ ಎಂದರು. ಅದು ಕ್ರೀಡೆ ಎಂದು ನಂಬಿಸಲು ಕಿತ್ತುಹಾಕಿದ್ದರಲ್ಲಿ ಮುಖ್ಯವಾದದ್ದು ಕೂಗು. ಆ ಆಟದಲ್ಲಿ ಕಿರುಚಬಾರದು, ಕಾಲು ಅಪ್ಪಳಿಸಬಾರದು! ಕೋಲಿಗಿಂತ ಕೂಗಿಗೇ ಹೆದರಿದರೇನೋ ಎನಿಸುತ್ತದೆ ನನಗೆ. 1952ರಲ್ಲಿ ಅಖಿಲ ಜಪಾನ್ ಕೆಂಡೊ ಒಕ್ಕೂಟ ಹುಟ್ಟಿತು, ಆಟ ಮತ್ತೆ ಹಳೆಯ ರೂಪಕ್ಕೆ ಬಂತು, ಕೂಗೂ ಬಂತು. 1962ರಿಂದ ಹೆಂಗಸರಿಗೆಂದೇ ರಾಷ್ಟ್ರಮಟ್ಟದ ಪಂದ್ಯ ನಡೆಯುತ್ತಿದೆ. ಮತ್ತೊಮ್ಮೆ ಬಾಯಿಗೆ ಬೀಗ ಬಿದ್ದದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ಮುಸುಕಿನೊಳಗೆ ಮಾಸ್ಕ್ ಹಾಕಿಕೊಂಡು, ಆದಷ್ಟು ಕೂಗದೆ ಅಭ್ಯಾಸ ಮಾಡಿ ಎಂದು ಒಕ್ಕೂಟವೇ ಹೇಳಬೇಕಾಯಿತು.

ಕರಾಟೆಯಲ್ಲೂ ಇಂಥದೇ ಕೂಗಿದೆ, ಕಿಯಾಯ್ ಎನ್ನುತ್ತಾರೆ. ನಮ್ಮ ಬಯಲಿನ ಮೊದಲ ದಿನ ತರಬೇತಿಯ ಹುಡುಗಿ ‘ಕಿಯಾಯ್ ಮಾಡಿ’ ಎಂದಾಗ ಮೂವತ್ತಕ್ಕೂ ಹೆಚ್ಚು ಹುಡುಗಿಯರ ಬಾಯಿಂದ ಗಾಳಿ ಬಂತು, ದನಿ ಬರಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕವು. ಗುದ್ದುವುದು ಎರಡು ದಿನಕ್ಕೆ ಬಂತು. ಕೂಗಲು ಎರಡು ವಾರ ಬೇಕಾಯಿತು. ಗುದ್ದಬೇಡ ಎಂದು ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ, ಗಟ್ಟಿಯಾಗಿ ಮಾತಾಡಬೇಡ ಎಂದು ದಿನಕ್ಕೆ ಹತ್ತು ಸಲ ಹೇಳಿರುತ್ತೇವಲ್ಲ! ದನಿ ಹೊರಟ ಮೇಲೆ ಒಬ್ಬಳ ಅಜ್ಜಿ ಶಾಲೆಗೇ ಬಂದರು.

“ಮೇಡಮ್ಮೋರೆ, ನೀವೇ ಹೇಳಿ, ಹೆಣ್ ಮಗೀಗೆ ಕಿರುಚೋದ್ ಕಲಿಸ್ತಾರಾ? ಮನೇಲಿ ಕನ್ನಡಿ ಮುಂದೆ ನಿಂತ್ಕೊಂಡು ಹಾಯ್ ಹೂಯ್ ಅಂತಾಳೆ. ನಾಳೆ ನೋಡೋಕ್ ಬಂದೋರು ಏನಂದಾರು?”

ಇದನ್ನು ಅವರು ಹೇಳಿದ ದನಿ ಹೆಡ್‌ಮಾಸ್ಟರ ಕೋಣೆ ದಾಟಿ ಐದನೆಯ ತರಗತಿಯವರೆಗೂ ಕೇಳಿಸಿತು. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಓಡಾಡಿದವರಿಗೆ ಇದರ ಕಾರಣ ಗೊತ್ತು. ಬೆಳಗ್ಗೆಯಿಂದ ರಾತ್ರಿಯವರೆಗೆ ವಿದ್ಯುತ್ ಮಗ್ಗಗಳ ಖಟ ಖಟ. ಆ ಸದ್ದಿನ ನಡುವೆ ಲಡಿ ಸುತ್ತುತ್ತಾ, ಕಡಿದ ಎಳೆ ಕಟ್ಟುತ್ತಾ ಆಯಸ್ಸು ಕಳೆದ ಹೆಂಗಸರಿಗೆ ಪಿಸುಮಾತು ಮರೆತೇ ಹೋಗಿರುತ್ತದೆ.

“ಅಮ್ಮಾ, ಮಗ್ಗದ ಮನೇಲಿ ನೀವು ಮೆತ್ತಗೆ ಮಾತಾಡ್ತೀರಾ?” ಎಂದೆ.

“ಅಲ್ ಮೆತ್ತಗ್ ಮಾತಾಡಿದ್ರೆ ಯಾರಿಗ್ ಕೇಳ್ತದೆ? ಅದು ಕೆಲ್ಸ ಕಣ್ರವ್ವಾ.”

“ಇದೂ ಕೆಲ್ಸಾನೇ ಅಮ್ಮಾ.”

ಅವರಿಗೆ ಒಪ್ಪಿಗೆಯಾಗಲಿಲ್ಲ. ತಲೆ ಆಡಿಸಿಕೊಂಡು ಹೋದರು. ಮೊಮ್ಮಗಳನ್ನು ಬಿಡಿಸಲೂ ಇಲ್ಲ. ಇನ್ನೊಬ್ಬ ಹುಡುಗಿ, ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು, ತುಂಬಿದ ಬಸ್ಸಿನಲ್ಲಿ ದಿನಾ ಮೈಮೇಲೆ ಬೀಳುತ್ತಿದ್ದವನ ಕಡೆ ತಿರುಗಿ ಒಂದು ದಿನ ‘ಏಯ್!’ ಎಂದಳಂತೆ. ಗುದ್ದಲಿಲ್ಲ, ಒದೆಯಲಿಲ್ಲ. ಡ್ರೈವರು ಬ್ರೇಕ್ ಹಾಕುವಷ್ಟು ದೊಡ್ಡ ಏಯ್. ಮುಂದಿನ ಸ್ಟಾಪಿನಲ್ಲಿ ಅವನು ಇಳಿದು ಹೋದ. ಅವಳು ಇದನ್ನು ನನಗೆ ಹೇಳಿದ್ದು ತಿಂಗಳು ಕಳೆದ ಮೇಲೆ, ನಕ್ಷೆ ಪುಸ್ತಕ ತೋರಿಸಲು ಬಂದಾಗ, ಬೇರೆ ಏನೋ ಮಾತಿನ ನಡುವೆ.

ಈಗ ಆ ಮಾತುಗಳ ವಂಶಾವಳಿಗೆ ಬರೋಣ. ಗುರುವಿಗೆ ಜಪಾನಿನವರು ಸೆನ್ಸೈ ಎನ್ನುತ್ತಾರೆ. ಅದನ್ನು ಬರೆಯುವ ಎರಡು ಅಕ್ಷರಗಳ ಅರ್ಥ ‘ಮೊದಲು ಹುಟ್ಟಿದವರು’. ಇದನ್ನು ಓದಿದಾಗ ನನಗೆ ಹೊಳೆದದ್ದು ನಮ್ಮ ಜಟ್ಟಿ. ಜ್ಯೇಷ್ಠ ಎಂಬ ಮಾತೇ ಸವೆದು ಜೆಟ್ಟಿ, ಜಟ್ಟಿ ಆಯಿತೆಂದು ಬಲ್ಲವರು ಹೇಳುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಅದರಲ್ಲಿ ಮೇಲಿನ ದರ್ಜೆಯ ಮಲ್ಲನ ಹೆಸರು ಜ್ಯೇಷ್ಠಿಕ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವವರು ಇದೇ ಜಟ್ಟಿಗಳು. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಮನೆತನದವರು. ತಲೆ ಬೋಳಿಸಿ, ಬೆರಳಿಗೆ ಮೊನಚಾದ ಆಯುಧ ತೊಟ್ಟು, ಒಂದು ಹನಿ ರಕ್ತ ಬಂದೊಡನೆ ನಿಲ್ಲಿಸುತ್ತಾರೆ. ಅಲ್ಲಿ ಮೊದಲು ಹುಟ್ಟಿದವರು, ಇಲ್ಲಿ ಜ್ಯೇಷ್ಠರು. ಒಂದರಿಂದ ಇನ್ನೊಂದು ಬಂತೆಂದು ನಾನು ಹೇಳುತ್ತಿಲ್ಲ. ಹೊಡೆದಾಟ ಕಲಿಸುವವನನ್ನು ಬಲಶಾಲಿ ಎನ್ನದೆ ಹಿರಿಯ ಎಂದು ಕರೆಯಬೇಕೆಂದು ಎರಡು ದೇಶಗಳಿಗೂ ಬೇರೆ ಬೇರೆಯಾಗಿಯೇ ತೋಚಿತು.

ಅಭ್ಯಾಸ ಮಾಡುವ ಮನೆಗೆ ದೋಜೊ ಎಂದು ಹೆಸರು. ಇದಂತೂ ಇಲ್ಲಿಂದಲೇ ಹೋದದ್ದು. ಬುದ್ಧನಿಗೆ ಅರಿವು ಮೂಡಿದ ತಾಣಕ್ಕೆ ಸಂಸ್ಕೃತದಲ್ಲಿ ಬೋಧಿಮಂಡ ಎನ್ನುತ್ತಾರೆ. ಚೀನಾದವರು ಅದನ್ನು ತಮ್ಮ ಮಾತಿಗೆ ತರುವಾಗ ‘ದಾರಿಯ ಅಂಗಳ’ ಎಂಬಂಥ ಎರಡು ಅಕ್ಷರ ಹಾಕಿದರು. ಜಪಾನಿನವರು ಅದನ್ನು ದೋಜೊ ಎಂದು ಓದಿದರು. ಬೌದ್ಧರ ಸಾಧನೆಯ ಜಾಗಕ್ಕಿದ್ದ ಮಾತು ಎಷ್ಟೋ ಕಾಲದ ಮೇಲೆ ಕತ್ತಿ ಕಲಿಯುವ ಜಾಗಕ್ಕೆ ಬಂತು. ಧ್ಯಾನ ಚೀನಾದಲ್ಲಿ ಚಾನ್ ಆಗಿ ಜಪಾನಿನಲ್ಲಿ ಝೆನ್ ಆದದ್ದು ನಿಮಗೆ ಗೊತ್ತಿರಬಹುದು. ಕ್ಷಣ ಅಲ್ಲಿ ಸೆತ್ಸುನ. ಅಲುಗದ ಮನಸ್ಸಿಗೆ ಕೆಂಡೊದವರು ಫುದೊಶಿನ್ ಎನ್ನುತ್ತಾರೆ. ಅವರ ಫುದೊ ಎಂಬ ಉಗ್ರದೇವತೆಯ ಸಂಸ್ಕೃತ ಹೆಸರು ಅಚಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಆ-ಉನ್’. ನಾರಾ ಪಟ್ಟಣದ ತೋದಾಯ್‌ಜಿ ದೇವಾಲಯದ ದಕ್ಷಿಣ ಬಾಗಿಲಲ್ಲಿ 1203ರಲ್ಲಿ ಕೆತ್ತಿದ ಎರಡು ದೊಡ್ಡ ದ್ವಾರಪಾಲಕರಿದ್ದಾರೆ, ಮರದವರು. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ತೆರೆದ ಬಾಯಿ ಹೇಳುತ್ತಿರುವುದು ‘ಅ’, ಮುಚ್ಚಿದ ಬಾಯಿ ಹೇಳುತ್ತಿರುವುದು ‘ಹೂಂ’. ಅದೇ ಆ-ಉನ್. ಜೊತೆಯಾಗಿ ಅಭ್ಯಾಸ ಮಾಡುವ ಇಬ್ಬರ ಉಸಿರು ಒಂದಾದರೆ ಅದನ್ನು ಆ-ಉನ್ ಉಸಿರು ಎನ್ನುತ್ತಾರೆ. ನಮ್ಮ ಪುರಾಣಗಳಲ್ಲಿ ದೇವಿ ಹೂಂಕರಿಸಿದೊಡನೆ ರಾಕ್ಷಸ ಬೂದಿಯಾಗುವ ಕಥೆ ಕೇಳಿ ಬೆಳೆದ ನಾವು, ಕಿಯಾಯ್ ಎಂದರೆ ಯಾವುದೋ ದೇಶದ ಕಿರ್‌ಗುಟ್ಟುವಿಕೆ ಎಂದುಕೊಳ್ಳಬೇಕಾಗಿಲ್ಲ.

ಅವರ ಅಕ್ಷರಮಾಲೆಯೂ ಹಾಗೇ. ಮಕ್ಕಳು ಅ, ಇ, ಉ, ಎ, ಒ ಎಂದು ಶುರುಮಾಡಿ ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳನ್ನು ಕಲಿಯುತ್ತವೆ. ನಮ್ಮ ಚ ಇರುವ ಜಾಗದಲ್ಲಿ ಸ, ಪ ಇರುವ ಜಾಗದಲ್ಲಿ ಹ. ಬೌದ್ಧ ಭಿಕ್ಷುಗಳು ಮಂತ್ರಕ್ಕಾಗಿ ಸಂಸ್ಕೃತದ ಅಕ್ಷರ ಕಲಿತದ್ದರ ಫಲ ಈ ಕ್ರಮ. ನಮ್ಮ ಹುಡುಗಿಯರಿಗೆ ಹಲಗೆಯ ಮೇಲೆ ಬರೆದು ತೋರಿಸಿದೆ. ‘ಇದು ನಮ್ಮದೇ ಅಲ್ವಾ ಮಿಸ್’ ಎಂದವು.

ಇಲ್ಲಿ ಒಂದು ಮಾತು. ಕರಾಟೆ ಕಲಿಸುವವರು ಅನೇಕರು, ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನೇ ಇದನ್ನೆಲ್ಲ ಚೀನಾಕ್ಕೆ ಕಲಿಸಿದನೆಂದು ಎದೆ ತಟ್ಟಿ ಹೇಳುತ್ತಾರೆ. ಕೇಳಲು ಹಿತವಾಗಿದೆ. ಬೋಧಿಧರ್ಮನನ್ನು ವ್ಯಾಯಾಮವಿದ್ಯೆಗೆ ಗಂಟುಹಾಕುವ ಚೀನೀ ಪುಸ್ತಕ ಹದಿನೇಳನೆಯ ಶತಮಾನದ್ದು; ಅವನ ಕಾಲಕ್ಕಿಂತ ಸಾವಿರ ವರ್ಷ ಈಚಿನದು. ಚರಿತ್ರೆಕಾರರು ಅದನ್ನು ಒಪ್ಪುವುದಿಲ್ಲ, ನಾನೂ ತರಗತಿಯಲ್ಲಿ ಹೇಳುವುದಿಲ್ಲ. ಬೋಧಿಮಂಡ ದೋಜೊ ಆದದ್ದಕ್ಕೆ ಆಧಾರವಿದೆ. ಹೆಮ್ಮೆಪಡಲು ಅಷ್ಟು ಸಾಲದೇ?

ನಮ್ಮ ಶಾಲೆಯ ಕನ್ನಡ ಮೇಷ್ಟರಿಗೆ ಇದ್ಯಾವುದೂ ಸಮಾಧಾನವಿಲ್ಲ. ‘ಓಬವ್ವನ ನಾಡಲ್ಲಿ ಒಂದು, ಎರಡು ಎಂದು ಎಣಿಸಬಾರದೇನ್ರೀ?’ ಎಂದು ಕೇಳಿದರು. ಕೇಳುವ ಹಕ್ಕು ಅವರಿಗಿದೆ. ಒಂದು ದಿನ ಹಾಗೇ ಎಣಿಸಿ ನೋಡಿದರು ಮಕ್ಕಳು. ‘ಐದು’ ಬರುವ ಹೊತ್ತಿಗೆ ರಾಗ ಸೇರಿ ಮಗ್ಗಿಯಾಗಿಹೋಯಿತು! ತಮಾಷೆ ಇರಲಿ. ನಾನು ಮೇಷ್ಟರಿಗೆ ಹೇಳಿದ್ದು, ನಮ್ಮ ಗರಡಿಯಲ್ಲಿ ಅಚ್ಚಗನ್ನಡ ಎಷ್ಟಿದೆ ನೋಡಿ ಎಂದು. ಕುಸ್ತಿ, ಪೈಲ್ವಾನ್, ಉಸ್ತಾದ್ ಪಾರಸಿಯಿಂದ ಬಂದವು. ಅಖಾಡ ಉತ್ತರದಿಂದ ಬಂತು. ಅದರ ಜೊತೆಗೇ ಪಟ್ಟು, ಸಾಮು, ವರಸೆ, ಮಟ್ಟಿ, ಜೋಡಿ ಕಟ್ಟುವುದು. ಮಣ್ಣಿನಲ್ಲಿ ಹೊರಳಿದವರು ಮಾತಿನ ಜಾತಿ ಕೇಳಲಿಲ್ಲ. ಮಾತನ್ನು ಶುದ್ಧಿ ಮಾಡಲು ಹೊರಟವರು ಬೇರೆಯವರು. ಜಪಾನಿನಲ್ಲೇ 1943ರಲ್ಲಿ ಬೇಸ್‌ಬಾಲ್ ಆಟದಿಂದ ಶತ್ರುಗಳ ಭಾಷೆಯೆಂದು ಇಂಗ್ಲಿಷನ್ನು ತೆಗೆದು, ‘ಸ್ಟ್ರೈಕ್’ ಎನ್ನುವ ಕಡೆ ‘ಯೋಶಿ’ ಎನ್ನಿಸಿದರು. ಕರಾಟೆಯ ಹೆಸರಿಗೂ ಇದೇ ಪಾಡಾಗಿತ್ತು. ಓಕಿನಾವಾ ದ್ವೀಪದಲ್ಲಿ ಅದನ್ನು ‘ಚೀನೀ ಕೈ’ ಎಂಬ ಅರ್ಥದ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಚೀನಾದ ಮೇಲೆ ಹಗೆ ಬೆಳೆಯುತ್ತಿದ್ದ ಕಾಲದಲ್ಲಿ, 1936ರಲ್ಲಿ, ಅಲ್ಲಿನ ಗುರುಗಳು ಸೇರಿ ‘ಬರಿಗೈ’ ಎಂಬ ಅರ್ಥದ ಅಕ್ಷರವೇ ಇರಲೆಂದು ಒಪ್ಪಿದರು. ಉಚ್ಚಾರ ಅದೇ, ಅರ್ಥ ಬೇರೆ. ಈ ಬರಿಗೈ ನಮಗೆ ಬಂದು ತಲುಪಿದ್ದು ಹೀಗೆ.

ಅಭ್ಯಾಸಕ್ಕೆ ಅವರು ಹೇಳುವ ಕೇಕೊ ಎಂಬ ಮಾತಿಗೆ ಮೂಲದ ಅರ್ಥ ‘ಹಳೆಯದನ್ನು ಆಲೋಚಿಸುವುದು’. ನಮ್ಮ ಹಳೆಯದರಲ್ಲಿ ಹೆಂಗಸರ ಪಾಲು ಎಷ್ಟೆಂದು ಹುಡುಕಿದರೆ ಸಿಗುವುದು ಬಿಡಿ ಬಿಡಿ ಸುಳಿವು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವರ್ತಕ ನೂನಿಜ್, ಅರಮನೆಯಲ್ಲಿ ಲೆಕ್ಕ ಬರೆಯುವ, ಜ್ಯೋತಿಷ್ಯ ಹೇಳುವ ಹೆಂಗಸರ ಜೊತೆಗೆ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಬರೆದಿಟ್ಟಿದ್ದಾನೆ. ಅವರ ಹೆಸರುಗಳನ್ನು ಅವನು ಬರೆಯಲಿಲ್ಲ. ಅವರು ಯಾವ ಪಟ್ಟು ಹಾಕುತ್ತಿದ್ದರು, ತಮ್ಮ ಗುರುವನ್ನು ಏನೆಂದು ಕರೆಯುತ್ತಿದ್ದರು? ಗಂಡಸರ ಗರಡಿಯಿಂದ ಅಷ್ಟೊಂದು ಮಾತು ನಮ್ಮ ಮನೆಗಳಿಗೆ ಬಂದಿವೆ; ಆ ಹೆಂಗಸರ ಅಖಾಡದಿಂದ ಒಂದು ಮಾತೂ ಉಳಿದು ಬಂದಿಲ್ಲ.

ಜಪಾನಿನ ಹೆಂಗಸರಿಗೆ ಉದ್ದ ಹಿಡಿಯ, ಬಾಗಿದ ಅಲಗಿನ ನಗಿನಾತ ಎಂಬ ಆಯುಧವಿತ್ತು. 1868ರ ಅಂತರ್ಯುದ್ಧದಲ್ಲಿ ಐಜು ಎಂಬ ಸೀಮೆಯ ಕೋಟೆಗೆ ಸರ್ಕಾರದ ಸೈನ್ಯ ಬಂದಾಗ ನಕಾನೊ ತಾಕೆಕೊ ಎಂಬ ಇಪ್ಪತ್ತರ ಆಸುಪಾಸಿನ ಹುಡುಗಿ ಹೆಂಗಸರ ಗುಂಪು ಕಟ್ಟಿ ನಗಿನಾತ ಹಿಡಿದು ಹೋರಾಡಿ ಗುಂಡಿಗೆ ಬಲಿಯಾದಳು. ಇದನ್ನು ಹೇಳಿದರೆ ಯಾವ ತರಗತಿಯಲ್ಲೂ ಮಕ್ಕಳು ತಾವಾಗಿಯೇ ಓಬವ್ವನ ಹೆಸರು ಎತ್ತುತ್ತವೆ. ಹೈದರಾಲಿ ಚಿತ್ರದುರ್ಗವನ್ನು ಕೊನೆಗೂ ಗೆದ್ದದ್ದು 1779ರಲ್ಲಿ; ಅದರ ಹಿಂದಿನ ಮುತ್ತಿಗೆಗಳ ಕಥೆ ಓಬವ್ವನದು. ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆ ಹೋದವಳು ಕಿಂಡಿಯಲ್ಲಿ ನುಸುಳುವವರನ್ನು ಕಂಡು, ಮನೆಯಲ್ಲಿದ್ದ ಒನಕೆಯನ್ನೇ ತಂದಳು. ಒಂಬತ್ತನೆಯ ತರಗತಿಯ ಒಬ್ಬಳು ಎದ್ದು ನಿಂತು ಕೇಳಿದಳು: “ಮಿಸ್, ಓಬವ್ವ ಕಿಯಾಯ್ ಮಾಡ್ಲಿಲ್ವಲ್ಲ?”

ನಿಜವೇ. ಕಥೆಯ ಸೊಗಸೇ ಅದರಲ್ಲಿದೆ. ತಲೆ ತೂರಿಸಿದವನನ್ನು ಸದ್ದಿಲ್ಲದೆ ಬಡಿದು, ಹೆಣ ಪಕ್ಕಕ್ಕೆಳೆದು, ಮುಂದಿನವನಿಗೆ ಕಾಯುತ್ತಾಳೆ. ಅವಳು ಕೂಗಿದ್ದರೆ ಕಿಂಡಿಯ ಆಚೆಯವರು ಎಚ್ಚೆತ್ತುಕೊಳ್ಳುತ್ತಿದ್ದರು. ನಮ್ಮಲ್ಲಿ ಹೆಸರು ಉಳಿದ ಹೆಣ್ಣು ಬಾಯಿ ಬಿಡದೆ ಹೊಡೆದವಳು. ಈ ಹುಡುಗಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಓಬವ್ವನ ಎದುರು ಶತ್ರುಗಳು ಕಿಂಡಿಯ ಆಚೆ ಇದ್ದರು, ನಿನ್ನ ಎದುರಿನವನು ಬಸ್ಸಿನೊಳಗೇ ಇದ್ದಾನೆ, ಸುತ್ತ ನಲವತ್ತು ಜನ ಕೂತಿದ್ದಾರೆ, ಅವರು ಎಚ್ಚೆತ್ತುಕೊಳ್ಳಬೇಕು. ಅವಳು ಒಪ್ಪಿದಂತೆ ಕಾಣಲಿಲ್ಲ. ಎರಡನ್ನೂ ಕಲಿಯಬೇಕು ಅಲ್ವಾ ಮಿಸ್, ಎಂದು ಕುಳಿತಳು.

ವರಸೆ ಎಂಬ ಮಾತಿನ ಬಗ್ಗೆ ಹೇಳದೆ ಮುಗಿಸಲಾರೆ. ಕತ್ತಿವರಸೆಯ ವರಸೆ ಎಂದರೆ ಒಂದಾದ ಮೇಲೊಂದು ಬರುವ ಹೆಜ್ಜೆ, ಏಟುಗಳ ಸಾಲು. ಕರಾಟೆಯವರು ಹೇಳುವ ‘ಕತಾ’ಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಬೇರೆ ಬೇಡ. ಸಂಗೀತ ಪಾಠದ ಸರಳೆ ವರಸೆ, ಜಂಟಿ ವರಸೆಯೂ ಅದೇ. ‘ಅವರು ನಿಮಗೆ ಏನು ವರಸೆ ಆಗಬೇಕು?’ ಎಂದು ಮದುವೆ ಮನೆಯಲ್ಲಿ ಕೇಳುತ್ತೇವಲ್ಲ, ಆ ವರಸೆಯೂ ಅದೇ. ಹಾಡಿನ ವರಸೆ, ನೆಂಟರ ವರಸೆ ಎರಡೂ ಹೆಂಗಸರ ಕೈಯಲ್ಲೇ ಇದ್ದವು. ಮೂರನೆಯದು ಮಾತ್ರ ನಮ್ಮ ಕೈಗೆ ಬರಲಿಲ್ಲ. ಬಂದಾಗ ಅದಕ್ಕೆ ಕತಾ ಎಂದು ಹೆಸರಾಗಿತ್ತು.

ಕಾಲ ನಿಂತಿಲ್ಲ. ಮೈಸೂರು ದಸರಾ ಕುಸ್ತಿಯಲ್ಲಿ ಈಗ ಹೆಣ್ಣುಮಕ್ಕಳೂ ಆಡುತ್ತಾರೆ, ಅವರಿಗೂ ಜೋಡಿ ಕಟ್ಟುತ್ತಾರೆ. ಆದರೆ ಉಸ್ತಾದ್ ಎಂಬುದಕ್ಕೆ ಹೆಣ್ಣು ರೂಪ ನನಗೆ ಇನ್ನೂ ಎಲ್ಲೂ ಕೇಳಿಸಿಲ್ಲ. ಜಟ್ಟಿಗೂ ಇಲ್ಲ. ಸೆನ್ಸೈಗೆ ಆ ತೊಂದರೆಯೇ ಇಲ್ಲ, ಗಂಡೂ ಆದೀತು, ಹೆಣ್ಣೂ ಆದೀತು. ನಮ್ಮ ಶಾಲೆಗೆ ಬರುವ ತರಬೇತಿಯ ಹುಡುಗಿಗೆ ಇಪ್ಪತ್ತನಾಲ್ಕು ವರ್ಷ. ದೇವನಹಳ್ಳಿ ಕಡೆಯವಳು, ಸ್ಕೂಟರಿನಲ್ಲಿ ಬರುತ್ತಾಳೆ. ಮೊದಲ ವಾರ ಮಕ್ಕಳು ಅವಳನ್ನು ಕರಾಟೆ ಮಿಸ್ ಎಂದರು. ಸೆನ್ಸೈ ಎನ್ನಬೇಕೆಂದು ಅವಳು ತಿದ್ದಿದಳು. ಈಗ ‘ಸೆನ್ಸೈ ಮಿಸ್’ ಎಂದು ಕರೆಯುತ್ತವೆ. ಅವಳೂ ತಿದ್ದುವುದನ್ನು ಬಿಟ್ಟಿದ್ದಾಳೆ.